ಪಟ್ಟಮಹಾದೇವಿ ಶಾಂತಲೆ ಮತ್ತು ಸವತಿಮಾತ್ಸರ್ಯದ ಕಥೆ

೧೯೮೭ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗ ಭಾನುವಾರದ ಬೆಳಗಿನ ಬೀದಿಗಳು ನಿರ್ಜನವಾಗುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕೈಕೇಯಿಯ ಕೋಪಗೃಹದ ಕಂತು ಪ್ರಸಾರವಾದ ದಿನ ಎಷ್ಟೋ ಮನೆಗಳಲ್ಲಿ ಅದೇ ಮಾತು. ಮುಂದಿನ ವರ್ಷ ಮಹಾಭಾರತ ಬಂದಿತು. ಅನಂತರ ಖಾಸಗಿ ವಾಹಿನಿಗಳು ಹೆಚ್ಚಿದಂತೆ ಪುರಾಣದ ಜೊತೆಗೆ ರಾಜವಂಶಗಳ ಇತಿಹಾಸವೂ ಧಾರಾವಾಹಿಯ ವಸ್ತುವಾಯಿತು. ೨೦೧೩ರಲ್ಲಿ ಆರಂಭವಾದ ಜೋಧಾ ಅಕ್ಬರ್ ಧಾರಾವಾಹಿಯಲ್ಲಿ ಚಕ್ರವರ್ತಿಯ ಆಡಳಿತಕ್ಕಿಂತ ಆತನ ಅಂತಃಪುರದ ಬೇಗಮರ ಪೈಪೋಟಿಯೇ ಕಂತುಕಂತುಗಳನ್ನು ತುಂಬಿತು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಯುದ್ಧವನ್ನು ತೋರಿಸಲು ಆನೆ ಕುದುರೆಗಳು ಬೇಕು, ಸಾವಿರ ಜನ ಬೇಕು, ಹಣ ಬೇಕು. ಅಸೂಯೆಯನ್ನು ತೋರಿಸಲು ಇಬ್ಬರು ನಟಿಯರು ಮತ್ತು ಒಂದು ಕೋಣೆ ಸಾಕು. ಹೀಗೆ ನೋಡುತ್ತ ನೋಡುತ್ತ, ಹಿಂದಿನ ಕಾಲದ ರಾಣಿ ಎಂದರೆ ಒಂದೋ ಮತ್ಸರಿಸುವವಳು ಇಲ್ಲವೇ ಮತ್ಸರಕ್ಕೆ ಬಲಿಯಾದವಳು ಎಂಬ ಭಾವನೆ ನೋಡುಗರ ಮನಸ್ಸಿನಲ್ಲಿ ಬೇರೂರುತ್ತದೆ.

ಕನ್ನಡ ನಾಡಿನ ಇತಿಹಾಸದಲ್ಲಿ ಇಂತಹ ಕಥೆಗೆ ಅತಿ ಹೆಚ್ಚು ಒಳಗಾದವಳು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಆಕೆಯ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲಾದೇವಿ’ಗೆ ಭಾರತೀಯ ಜ್ಞಾನಪೀಠದ ಪ್ರಥಮ ಮೂರ್ತಿದೇವಿ ಪ್ರಶಸ್ತಿ ೧೯೮೩ರಲ್ಲಿ ದೊರೆಯಿತು. ನಾಟಕ, ನೃತ್ಯರೂಪಕಗಳಂತೂ ಹಲವು. ಕಾದಂಬರಿಕಾರರ ಸ್ವಾತಂತ್ರ್ಯವನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಆದರೆ ಇವೆಲ್ಲವುಗಳ ಹೊರಗೆ, ಶಿವಗಂಗೆಯ ಬೆಟ್ಟವನ್ನು ಹತ್ತುವ ಯಾತ್ರಿಕರಿಗೆ ದಾರಿ ತೋರುವವರ ಬಾಯಲ್ಲಿ ನಿಂತಿರುವ ಒಂದು ಕಥೆಯಿದೆ. ಅರಸನು ಲಕ್ಷ್ಮೀದೇವಿಯನ್ನು ತಂದನು, ಆಕೆಗೆ ಗಂಡುಮಗುವಾಯಿತು, ಪಟ್ಟದ ಹಕ್ಕು ಸವತಿಯ ಮಗನಿಗೆ ಹೋಯಿತು, ಮನನೊಂದ ಶಾಂತಲೆ ಬೆಟ್ಟದ ಮೇಲಿಂದ ಹಾರಿ ಪ್ರಾಣಬಿಟ್ಟಳು ಎಂಬುದು ಆ ಕಥೆ. ಆ ಕಡಿದಾದ ಬಂಡೆಗೆ ಇಂದು ಶಾಂತಲೆಯ ಹೆಸರೇ ಅಂಟಿಕೊಂಡಿದೆ.

ಇದು ಕೇವಲ ಕಥೆಯೆಂದು ಬಿಟ್ಟುಬಿಡುವಂಥದ್ದಲ್ಲ. ಶಾಂತಲೆ ಜಿನಭಕ್ತೆ, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ, ಶಾಸನಗಳು ಆಕೆಯನ್ನು ‘ಸಮ್ಯಕ್ತ್ವಚೂಡಾಮಣಿ’ ಎಂದು ಕರೆದಿವೆ. ವ್ರತಪೂರ್ವಕವಾದ ಸಲ್ಲೇಖನಕ್ಕೂ ಕಷಾಯವಶವಾದ ಆತ್ಮಘಾತಕ್ಕೂ ಇರುವ ಅಂತರ ಯಾವ ಶ್ರಾವಕನಿಗೂ ತಿಳಿಯದ ವಿಷಯವಲ್ಲ. ಒಂದನ್ನು ಸಾಧನೆಯೆಂದೂ ಇನ್ನೊಂದನ್ನು ಹಿಂಸೆಯೆಂದೂ ಆಚಾರ್ಯರು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಅಂತಹ ಶ್ರಾವಿಕೆಯೊಬ್ಬಳು ಸವತಿಮಾತ್ಸರ್ಯದಿಂದ ಪ್ರಾಣ ಕಳೆದುಕೊಂಡಳೆಂದು ಹೇಳುವುದು ಆಕೆಯ ಮೇಲೆ ದೊಡ್ಡ ಆರೋಪವನ್ನೇ ಹೊರಿಸಿದಂತೆ. ಆರೋಪವೆಂದ ಮೇಲೆ ಸಾಕ್ಷ್ಯವನ್ನು ಕೇಳಬೇಕಾಗುತ್ತದೆ. ಶಾಸನಗಳು ಇಲ್ಲಿ ಸಾಕಷ್ಟು ಮಾತನಾಡುತ್ತವೆ. ಅವುಗಳಲ್ಲಿ ಅತಿ ಮುಖ್ಯವಾದ ಸಂಗತಿಯೊಂದು ನಡೆದದ್ದು ಬೇಲೂರಿನಲ್ಲೂ ಅಲ್ಲ, ಶಿವಗಂಗೆಯಲ್ಲೂ ಅಲ್ಲ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ.

ಮೊದಲಿಗೆ ಬಿರುದಿನ ವಿಚಾರ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಶಾಂತಲೆ ಕ್ರಿ.ಶ. ೧೧೨೩ರಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿ ಎಂದು ಹೆಸರು. ಒಳಗೆ ಶಾಂತಿನಾಥ ಸ್ವಾಮಿಯ ಬಿಂಬವಿದೆ. ಬಸದಿಯ ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನು ಶಾಸನ ದಾಖಲಿಸಿದೆ. ಹೊಯ್ಸಳರ ಇತರ ದೇವಾಲಯಗಳ ಕೆತ್ತನೆಯ ವೈಭವ ಈ ಕಟ್ಟಡದಲ್ಲಿ ಇಲ್ಲ. ಸರಳವಾದ, ಗಂಭೀರವಾದ ಬಸದಿ. ಯಾತ್ರಿಕರು ಅದರ ಹೆಸರನ್ನು ಓದಿ ಅರ್ಥ ಕೇಳುತ್ತಾರೆ. ಗಂಧವಾರಣವೆಂದರೆ ಮದ್ದಾನೆ, ಸವತಿಯರಿಗೆ ಮದ್ದಾನೆಯಂತಿದ್ದವಳು ಎಂದು ಉತ್ತರ ಬರುತ್ತದೆ. ಅಲ್ಲಿಂದ ಮುಂದಕ್ಕೆ ಕಥೆ ತಾನೇ ಬೆಳೆಯುತ್ತದೆ. ಜಿನಬಿಂಬಕ್ಕೆ ಮನೆಯನ್ನು ಕಟ್ಟಿಸುವಾಗಲೂ ಸವತಿಯರನ್ನು ಮರೆಯದವಳ ಮನಸ್ಸು ಎಷ್ಟು ಬೆಂದಿರಬೇಕು ಎಂದು ಕೇಳುವವರು ಮರುಗುತ್ತಾರೆ.

ಆದರೆ ಆ ಬಿರುದು ಶಾಸನದಲ್ಲಿ ಒಂಟಿಯಾಗಿ ಬಂದುದಲ್ಲ. ಅದು ‘ಉದ್ವೃತ್ತ ಸವತಿ ಗಂಧವಾರಣ’. ಉದ್ವೃತ್ತ ಎಂದರೆ ನಡತೆಯ ಮೇರೆಯನ್ನು ಮೀರಿದ, ಸೊಕ್ಕಿದ ಎಂದು ಅರ್ಥ. ಸವತಿಯರೆಲ್ಲರಿಗೂ ಅಲ್ಲ, ಮೇರೆ ಮೀರಿದವರಿಗೆ ಎಂಬ ಈ ವಿಶೇಷಣವನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಅದರ ಹಿಂದೆ ಮುಂದೆ ಬರುವ ಬಿರುದುಗಳ ಸಾಲನ್ನೂ ನೋಡಬೇಕು. ವಿವೇಕದಲ್ಲಿ ಬೃಹಸ್ಪತಿ, ಸಮಯಸ್ಫೂರ್ತಿಯಲ್ಲಿ ವಾಚಸ್ಪತಿ, ಪಾತಿವ್ರತ್ಯದಲ್ಲಿ ಸೀತೆ, ಗೀತ ವಾದ್ಯ ನೃತ್ಯಗಳಿಗೆ ಸೂತ್ರಧಾರೆ, ಮುನಿಜನರಿಗೆ ವಿನೀತೆ, ನಾಲ್ಕು ಸಮಯಗಳನ್ನು ಉದ್ಧರಿಸಿದವಳು, ಆಹಾರ ಅಭಯ ಔಷಧ ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷಪಡುವವಳು. ಈ ಸಾಲಿನ ನಡುವೆ ಮದ್ದಾನೆಯ ಬಿರುದು ಬರುತ್ತದೆ. ಅರಸರ ಪ್ರಶಸ್ತಿಗಳನ್ನು ಓದಿದವರಿಗೆ ಇದರ ಮರ್ಮ ತಿಳಿಯದಿರದು. ಅರಸನನ್ನು ಹೊಗಳುವ ಶಾಸನಕವಿ ಆತನನ್ನು ಶತ್ರುಗಳೆಂಬ ಆನೆಗಳಿಗೆ ಸಿಂಹವೆನ್ನುತ್ತಾನೆ, ಮಲೆಯ ನಾಯಕರ ಗಂಡನೆನ್ನುತ್ತಾನೆ. ರಾಣಿಯನ್ನು ಹೊಗಳಬೇಕಾದಾಗಲೂ ಅದೇ ಅಚ್ಚು ಆತನ ಕೈಯಲ್ಲಿದೆ. ರಣರಂಗದ ಶತ್ರುವಿನ ಜಾಗಕ್ಕೆ ಯಾರನ್ನಾದರೂ ತರಬೇಕಲ್ಲ, ಸವತಿಯನ್ನು ತಂದನು. ಪಟ್ಟಮಹಿಷಿಯ ಸ್ಥಾನ ಎಲ್ಲರಿಗಿಂತ ಮೇಲಿನದೆಂದು ಸಾರುವುದಷ್ಟೇ ಅದರ ಉದ್ದೇಶ. ಒಂದು ನಿರ್ದಿಷ್ಟ ಜಗಳದ ವರದಿಯನ್ನು ಅದರಲ್ಲಿ ಹುಡುಕುವುದು ಸಾಹಸವೇ ಸರಿ.

ಬಸದಿಗೆ ಆ ಹೆಸರನ್ನೇಕೆ ಇಟ್ಟರೆಂಬುದಕ್ಕೂ ಉತ್ತರವಿದೆ. ಕಟ್ಟಿಸಿದವರ ಅಥವಾ ಯಾರ ಸ್ಮರಣೆಗಾಗಿ ಕಟ್ಟಿಸಲಾಯಿತೋ ಅವರ ಬಿರುದನ್ನು ಬಸದಿಗೆ ಇಡುವ ರೂಢಿ ಆ ಕಾಲದಲ್ಲಿತ್ತು. ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ದ್ರೋಹಘರಟ್ಟ ಎಂಬ ಬಿರುದಿತ್ತು; ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂದು ಅರ್ಥ. ಆತನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ೧೧೩೩ರಲ್ಲಿ ಕಟ್ಟಿಸಿದ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂದೇ ಹೆಸರಾಯಿತು. ಆ ಹೆಸರನ್ನು ಕೇಳಿ ಗಂಗರಾಜನು ದ್ರೋಹಿಗಳ ಚಿಂತೆಯಲ್ಲಿ ಬೆಂದು ಸತ್ತನೆಂದು ಯಾರೂ ಕಥೆ ಕಟ್ಟಲಿಲ್ಲ. ದಂಡನಾಯಕನ ಬಿರುದನ್ನು ಬಿರುದಾಗಿ ಓದಿದ ನಾಡು ರಾಣಿಯ ಬಿರುದನ್ನು ಮಾತ್ರ ಜೀವನಚರಿತ್ರೆಯಾಗಿ ಓದಿತು.

ಇದರಿಂದ ಹೊಯ್ಸಳರ ಅಂತಃಪುರದಲ್ಲಿ ಮಾತ್ಸರ್ಯವೇ ಇರಲಿಲ್ಲವೆಂದು ಹೇಳಿದಂತಾಗುವುದಿಲ್ಲ. ವಿಷ್ಣುವರ್ಧನನಿಗೆ ಬಮ್ಮಲದೇವಿ, ರಾಜಲದೇವಿ, ಲಕ್ಷ್ಮೀದೇವಿ ಮೊದಲಾದ ರಾಣಿಯರಿದ್ದರು. ಹಲವು ಪತ್ನಿಯರ ಮನೆಯಲ್ಲಿ ಮತ್ಸರ ಹುಟ್ಟುವುದು ಸಹಜವೆಂಬುದನ್ನು ಜೈನ ಪುರಾಣಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಪುನ್ನಾಟ ಸಂಘದ ಜಿನಸೇನಾಚಾರ್ಯರು ೭೮೩ರಲ್ಲಿ ಮುಗಿಸಿದ ಹರಿವಂಶ ಪುರಾಣದಲ್ಲಿ ಸತ್ಯಭಾಮೆ ಮತ್ತು ರುಕ್ಮಿಣಿಯರ ಪ್ರಸಂಗ ಎಷ್ಟು ವಿಸ್ತಾರವಾಗಿದೆಯೆಂದರೆ ಯಾವ ಧಾರಾವಾಹಿಯೂ ಅದರ ಮುಂದೆ ಸಪ್ಪೆಯಾದೀತು. ಕನ್ನಡಿಯ ಮುಂದೆ ಅಲಂಕರಿಸಿಕೊಳ್ಳುತ್ತಿದ್ದ ಸತ್ಯಭಾಮೆ ನಾರದನನ್ನು ಆದರಿಸದೆ ಹೋಗುತ್ತಾಳೆ. ಮುನಿದ ನಾರದ ರುಕ್ಮಿಣಿಯ ಚಿತ್ರವನ್ನು ಕೃಷ್ಣನಿಗೆ ತೋರಿಸುತ್ತಾನೆ. ರುಕ್ಮಿಣಿ ದ್ವಾರಕೆಗೆ ಬರುತ್ತಾಳೆ. ಯಾರ ಮಗನಿಗೆ ಮೊದಲು ಮದುವೆಯಾಗುವುದೋ ಅವನ ಕಾಲಿನ ಕೆಳಗೆ ಸೋತವಳ ತಲೆಗೂದಲನ್ನು ಕತ್ತರಿಸಿ ಹಾಸಬೇಕೆಂಬ ಪಣ ಏರ್ಪಡುತ್ತದೆ. ಮಗು ಪ್ರದ್ಯುಮ್ನನ ಅಪಹರಣವಾಗುತ್ತದೆ. ವರ್ಷಗಳ ಅನಂತರ ಆತ ಮರಳಿದಾಗ ಸತ್ಯಭಾಮೆಯ ಅರಮನೆಯಲ್ಲಿ ನಡೆಸುವ ಚೇಷ್ಟೆಗಳು ನಗೆಯನ್ನೂ ಉಕ್ಕಿಸುತ್ತವೆ. ಪುರಾಣಕಾರ ಇಷ್ಟನ್ನೂ ಮುಚ್ಚಿಡದೆ ಹೇಳಿ, ಇಬ್ಬರನ್ನೂ ಅಲ್ಲಿಗೇ ಬಿಡುವುದಿಲ್ಲ. ನೇಮಿನಾಥ ತೀರ್ಥಂಕರರ ಸಮವಸರಣದವರೆಗೆ ಕರೆದೊಯ್ಯುತ್ತಾನೆ. ಅಲ್ಲಿ ಇಬ್ಬರೂ ದೀಕ್ಷೆ ಪಡೆಯುತ್ತಾರೆ. ಧಾರಾವಾಹಿಗೂ ಪುರಾಣಕ್ಕೂ ಇರುವ ವ್ಯತ್ಯಾಸ ಬಹುಶಃ ಇದೇ. ಒಂದರಲ್ಲಿ ಮತ್ಸರ ಮುಗಿದರೆ ಕಥೆಯೂ ಮುಗಿಯುತ್ತದೆ; ಆದುದರಿಂದ ಅದನ್ನು ಮುಗಿಯಗೊಡುವುದಿಲ್ಲ.

ಇಲ್ಲಿ ಕುತೂಹಲದ ಒಂದು ಅಂಶವುಂಟು. ಶಾಂತಲೆಯ ಪ್ರಶಸ್ತಿಯಲ್ಲಿ ಆಕೆಯನ್ನು ‘ಅಭಿನವ ರುಕ್ಮಿಣಿ’ ಎಂದು ಕರೆಯಲಾಗಿದೆ. ಜೊತೆಗೆ ‘ಪತಿಹಿತ ಸತ್ಯಭಾಮೆ’ ಎಂದೂ ಕರೆಯಲಾಗಿದೆ. ಜಗತ್ಪ್ರಸಿದ್ಧರಾದ ಇಬ್ಬರು ಸವತಿಯರ ಹೆಸರನ್ನೂ ಒಬ್ಬಳೇ ಹೆಣ್ಣಿಗೆ ಕೊಟ್ಟ ಕವಿಗೆ ಆ ಹೋಲಿಕೆಗಳಲ್ಲಿ ಬೇಕಾಗಿದ್ದುದು ಜಗಳವಲ್ಲ, ಗುಣ. ಮದ್ದಾನೆಯ ಬಿರುದನ್ನೂ ಅದೇ ಕವಿಯ ಮಾತಾಗಿ ಓದುವುದು ನ್ಯಾಯ.

ಇನ್ನು ಮರಣದ ವಿಚಾರ. ಶಾಂತಲೆ ಶಕವರ್ಷ ೧೦೫೩ರ ಚೈತ್ರ ಶುದ್ಧ ಪಂಚಮಿ ಸೋಮವಾರ, ಅಂದರೆ ಕ್ರಿ.ಶ. ೧೧೩೧ರಲ್ಲಿ, ಶಿವಗಂಗೆಯಲ್ಲಿ ಮುಡಿಪಿ ಸ್ವರ್ಗಸ್ಥಳಾದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿದ ಮಾತು ಅದರಲ್ಲಿಲ್ಲ. ಸವತಿಯ ಹೆಸರಿಲ್ಲ. ಕಾರಣವೇ ಇಲ್ಲ. ಅಲ್ಲಿ ಇರುವುದು ತಾಯಿಯ ದುಃಖ. ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ತೀರಿಕೊಂಡ ಮೇಲೆ ತಾನಿನ್ನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಪ್ರಭಾಚಂದ್ರ ಸಿದ್ಧಾಂತದೇವ, ವರ್ಧಮಾನದೇವ, ರವಿಚಂದ್ರದೇವರ ಸನ್ನಿಧಿಯಲ್ಲಿ ಸನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಅನಶನದ ಅನಂತರ ಸಮಾಧಿಮರಣವನ್ನು ಪಡೆದಳು. ಗಂಡ ಶೈವ, ಹೆಂಡತಿ ಜೈನೆ, ಅಳಿಯ ವಿಜಯನಾರಾಯಣನ ದೇಗುಲವನ್ನು ೧೧೧೭ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಅರಸ. ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಮಗಳು ಶಾಂತಲೆ. ಈ ಮನೆಯೊಳಗೆ ಮತಭೇದದ ದ್ವೇಷವನ್ನು ಹುಡುಕುವವರಿಗೂ ಶಾಸನಗಳು ಒದಗಿಬರುವುದಿಲ್ಲ.

ಇಷ್ಟಾದರೂ ಕಥೆ ಹೇಳುವವರು ಬಿಡುವುದಿಲ್ಲ. ಶಾಸನ ಕಾರಣವನ್ನು ಹೇಳದಿರಬಹುದು, ಸವತಿಯ ಮಗ ಹುಟ್ಟಿದ್ದೇ ಕಾರಣವಾಗಿರಬಹುದಲ್ಲವೇ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಸಿಗುವುದು ಹಾನಗಲ್ಲಿನ ಯುದ್ಧದಲ್ಲಿ.

ಧರ್ಮಾ ನದಿಯ ದಡದ ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್, ಹಾನುಂಗಲ್ಲು ಎಂದು ಬರುತ್ತದೆ. ಕದಂಬರ ಒಂದು ಶಾಖೆ ಕಲ್ಯಾಣ ಚಾಲುಕ್ಯರ ಅಧೀನವಾಗಿ ಅಲ್ಲಿಂದ ಆಳುತ್ತಿತ್ತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬ ಐತಿಹ್ಯವೂ ಆ ಊರಿಗಿದೆ. ಇಂದು ತಾರಕೇಶ್ವರ ದೇವಾಲಯದ ಕಮಲದ ಭುವನೇಶ್ವರಿಯನ್ನು ನೋಡಲು ಬರುವವರು ಒಂದು ಕಾಲದಲ್ಲಿ ಈ ಕೋಟೆಗಾಗಿ ಎರಡು ಮನೆತನಗಳು ಎಷ್ಟು ಸಲ ಕಾದಾಡಿದವೆಂಬುದನ್ನು ನೆನೆಯುವುದು ಕಡಿಮೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ ೧೧೨೬ರಲ್ಲಿ ತೀರಿಕೊಂಡ ಮೇಲೆ ವಿಷ್ಣುವರ್ಧನ ಉತ್ತರಕ್ಕೆ ಬಲವಾಗಿ ಒತ್ತಿದನು. ತಲಕಾಡು, ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿಗಳ ಸಾಲಿಗೆ ಬನವಸೆ, ಹಾನುಂಗಲ್ಲುಗಳನ್ನೂ ಗೊಂಡವನೆಂದು ಆತನ ಬಿರುದಾವಳಿ ಬೆಳೆಯಿತು. ಹಾನಗಲ್ಲಿನ ನೆರೆಯ ಬಂಕಾಪುರ ಆತನ ಮೆಚ್ಚಿನ ಬೀಡಾಯಿತು. ಮುಂದೆ ಆತನು ಕೊನೆಯುಸಿರೆಳೆದುದೂ ಬಂಕಾಪುರದಲ್ಲಿಯೇ.

೧೧೩೩ರಲ್ಲಿ ದೋರಸಮುದ್ರದಲ್ಲಿ ಬೊಪ್ಪದೇವನ ಬಸದಿಯ ಪ್ರತಿಷ್ಠೆ ನಡೆಯಿತು. ಪ್ರತಿಷ್ಠೆ ನಡೆಸಿದ ಇಂದ್ರರು, ಅಂದರೆ ಪುರೋಹಿತರು, ಗಂಧೋದಕ ಮತ್ತು ಶೇಷೆಯನ್ನು ಹಿಡಿದು ಹಲವು ದಿನಗಳ ದಾರಿ ನಡೆದು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಬಂದರು. ಹಳೇಬೀಡಿನ ಶಾಸನ ಆ ಸಂದರ್ಭವನ್ನು ಬಣ್ಣಿಸುತ್ತದೆ. ಮೇಲೆ ಬಿದ್ದು ಬಂದ ಮಸಣನೆಂಬ ವೈರಿಯನ್ನು ಅರಸ ಆಗಷ್ಟೇ ಗೆದ್ದು ಕೊಂದಿದ್ದನು. ಈ ಮಸಣನನ್ನು ಇತಿಹಾಸಕಾರರು ಹಾನಗಲ್ಲಿನ ಕದಂಬರ ಕಡೆಯ ಸೇನಾನಿಯೆಂದು ಗುರುತಿಸುತ್ತಾರೆ. ಅದೇ ಹೊತ್ತಿಗೆ ಲಕ್ಷ್ಮೀಮಹಾದೇವಿಯಲ್ಲಿ ಅರಸನಿಗೆ ಗಂಡುಮಗು ಹುಟ್ಟಿತ್ತು. ಎರಡು ಸಂತೋಷಗಳ ನಡುವೆ ಇಂದ್ರರನ್ನು ಕಂಡ ಅರಸ ಎದ್ದು ನಿಂತು, ಕೈಮುಗಿದು, ಗಂಧೋದಕವನ್ನು ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ಜಯವೂ ಪುತ್ರೋತ್ಸವವೂ ಒದಗಿದವೆಂದು ಭಾವಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ದತ್ತಿಯನ್ನು ಬಿಟ್ಟನು. ಆ ಮಗುವೇ ಮುಂದೆ ಒಂದನೆಯ ನರಸಿಂಹನೆಂದು ಪಟ್ಟಕ್ಕೆ ಬಂದವನು. ಆ ದೇವರು ಇಂದಿಗೂ ಹಳೇಬೀಡಿನ ಬಸದಿಯಲ್ಲಿ ವಿಜಯಪಾರ್ಶ್ವನಾಥನೆಂದೇ ಪ್ರಸಿದ್ಧ.

ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು. ಶಾಂತಲೆ ತೀರಿಕೊಂಡದ್ದು ೧೧೩೧ರ ಚೈತ್ರದಲ್ಲಿ. ಲಕ್ಷ್ಮೀದೇವಿಯ ಮಗ ಹುಟ್ಟಿದ ಸಂಭ್ರಮ ೧೧೩೩ರಲ್ಲಿ. ತಾನು ಸತ್ತು ಎರಡು ವರ್ಷಗಳಾದ ಮೇಲೆ ಹುಟ್ಟಿದ ಕೂಸನ್ನು ನೋಡಿ ಯಾರೂ ಮತ್ಸರದಿಂದ ಬೆಟ್ಟದಿಂದ ಹಾರುವುದಿಲ್ಲ. ಜನಪ್ರಿಯ ಕಥೆಯ ನಡುಗಂಬವೇ ಇಲ್ಲಿ ಮುರಿಯುತ್ತದೆ.

ಆದರೆ ಎಷ್ಟು ಮುರಿಯಿತೋ ಅಷ್ಟನ್ನೇ ಹೇಳಬೇಕು. ಶಾಂತಲೆಯಂತಹ ವ್ರತನಿಷ್ಠೆ ಆತ್ಮಘಾತ ಮಾಡಿಕೊಂಡಿರಲಾರಳು ಎಂಬ ವಾದವನ್ನು ಭಕ್ತಿಯಿಂದ ಮುಂದಿಡುವವರಿದ್ದಾರೆ. ಅದು ಶ್ರದ್ಧೆಯ ಮಾತು, ಚರಿತ್ರೆಯ ಸಾಕ್ಷ್ಯವಲ್ಲ. ಆಕೆ ಸಲ್ಲೇಖನದಿಂದಲೇ ದೇಹತ್ಯಾಗ ಮಾಡಿದಳೆಂದು ಖಚಿತವಾಗಿ ಬರೆಯುವುದೂ ಶಾಸನವನ್ನು ಮೀರಿದ ಮಾತೇ. ಶಾಸನ ಸನ್ಯಸನದ ವಿಧಿಯನ್ನು ವಿವರಿಸಿರುವುದು ತಾಯಿಯ ವಿಷಯದಲ್ಲಿ. ವಿರೋಧಿಗಳ ಕಥೆಯನ್ನು ಅಳಿಸುವ ಉತ್ಸಾಹದಲ್ಲಿ ಇನ್ನೊಂದು ಕಥೆಯನ್ನು ಕಟ್ಟಿದರೆ ಸತ್ಯವ್ರತಕ್ಕೆ ಯಾವ ಕಡೆಯಿಂದಲೂ ಲಾಭವಿಲ್ಲ.

ಲಕ್ಷ್ಮೀದೇವಿಗೂ ನ್ಯಾಯ ಸಲ್ಲಬೇಕಾಗಿದೆ. ಶಾಂತಲೆಯನ್ನು ಮೇಲೆತ್ತುವವರು ಆಕೆಯನ್ನು ಜಿನಧರ್ಮದ್ವೇಷಿಯಾಗಿ, ಕಪಟಿಯಾಗಿ ಚಿತ್ರಿಸುವುದುಂಟು. ಆಕೆಯ ಮಗನ ಹೆಸರು ಒಂದು ಜಿನಬಿಂಬದ ಹೆಸರಿನೊಡನೆ ಅವಳಿಯಾಗಿ ಹುಟ್ಟಿತೆಂಬುದನ್ನು ಅವರು ಮರೆಯಬಾರದು.

ಬಂಕಾಪುರದ ಬಗ್ಗೆ ಇನ್ನೂ ಒಂದು ಮಾತು ಸಲ್ಲುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರಿನ ಈ ಊರು ವಿಷ್ಣುವರ್ಧನನ ಕಾಲಕ್ಕೆ ಆಗಲೇ ಹಳೆಯ ಜೈನ ಕೇಂದ್ರ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕವರ್ಷ ೮೨೦ರಲ್ಲಿ, ಅಂದರೆ ಕ್ರಿ.ಶ. ೮೯೮ರಲ್ಲಿ, ಲೋಕಾದಿತ್ಯನ ಆಳಿಕೆಯಲ್ಲಿ ಪೂಜೆ ಸಂದದ್ದು ಇಲ್ಲಿಯೇ. ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಗಂಗ ಮಾರಸಿಂಹನು ಸಲ್ಲೇಖನವನ್ನು ಕೈಗೊಂಡದ್ದೂ ಇಲ್ಲಿಯೇ. ಆ ಉತ್ತರಪುರಾಣದಲ್ಲಿ ಒಂದು ರಾಮಕಥೆ ಬರುತ್ತದೆ. ಅದರಲ್ಲಿ ದಶರಥ ವಾರಾಣಸಿಯ ಅರಸ. ಸೀತೆ ಮಂಡೋದರಿಯ ಮಗಳು. ರಾವಣನನ್ನು ಕೆಣಕಿ ಎಬ್ಬಿಸುವವನು ನಾರದ. ವರ ಬೇಡುವ ಕೈಕೇಯಿ ಅದರಲ್ಲಿಲ್ಲ, ವನವಾಸವೂ ಇಲ್ಲ. ವಿಮಲಸೂರಿಯ ಪರಂಪರೆಯ ಜೈನ ರಾಮಾಯಣಗಳಲ್ಲಿ ಕೈಕೇಯಿ ವರ ಬೇಡುತ್ತಾಳಾದರೂ, ತಂದೆಯೊಡನೆ ದೀಕ್ಷೆಗೆ ಹೊರಟು ನಿಂತ ಮಗ ಭರತನನ್ನು ಉಳಿಸಿಕೊಳ್ಳುವ ತಾಯಿಯಾಗಿ ಬೇಡುತ್ತಾಳೆ. ಸವತಿಮಾತ್ಸರ್ಯವೊಂದೇ ಕಥೆಯನ್ನು ನಡೆಸಬಲ್ಲ ಶಕ್ತಿಯೆಂದು ಈ ಕವಿಗಳು ಒಪ್ಪಿರಲಿಲ್ಲವೆಂದು ತೋರುತ್ತದೆ.

ಮಾತ್ಸರ್ಯವನ್ನು ತತ್ತ್ವಾರ್ಥಸೂತ್ರ ನೋಡುವ ರೀತಿಯೂ ಇಲ್ಲಿ ವಿಚಾರಾರ್ಹ. ಆರನೆಯ ಅಧ್ಯಾಯದಲ್ಲಿ ಅದು ಜ್ಞಾನಾವರಣ, ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಕಾರಣಗಳಲ್ಲಿ ಒಂದು. ತಾನು ಬಲ್ಲುದನ್ನು ಇನ್ನೊಬ್ಬ ಬಲ್ಲವನಾದಾನೆಂದು ಹೇಳಿಕೊಡದಿರುವುದು ಅದರ ಸ್ವರೂಪ. ಏಳನೆಯ ಅಧ್ಯಾಯದಲ್ಲಿ ಅದು ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಮತ್ತೆ ಬರುತ್ತದೆ. ಬೇರೆ ದಾತೃವಿನ ದಾನವನ್ನು ಸಹಿಸದಿರುವುದು ಅಲ್ಲಿಯ ಅರ್ಥ. ಎರಡು ಸಲ ಹೇಳಿದರೂ ಸೂತ್ರಕಾರರು ಅಂತಃಪುರದ ಕಡೆಗೆ ಬೆರಳು ತೋರಿಸಲಿಲ್ಲ. ಪಾಠಶಾಲೆಯ ಕಡೆಗೆ, ದಾನಶಾಲೆಯ ಕಡೆಗೆ ತೋರಿಸಿದರು. ಬಸದಿಯ ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಚರ್ಚೆಯಲ್ಲಿ ರಾತ್ರಿ ಕಳೆದ ಸಮಿತಿಗಳಿಗೆ ಈ ಎರಡನೆಯ ಸ್ಥಳದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಬಂಕಾಪುರದ ಆ ದಿನ ಅರಸನಿಗೂ ಇಂತಹ ಮತ್ಸರಕ್ಕೆ ಎಡೆಯಿತ್ತು. ಬಸದಿ ಆತನದಲ್ಲ, ದಂಡನಾಯಕನ ಮಗನದು. ಅದರ ಹೆಸರು ಅರಸನ ಬಿರುದಲ್ಲ, ದಂಡನಾಯಕನ ಬಿರುದು. ರಾಜಧಾನಿಯಲ್ಲಿ ಅದು ಪ್ರತಿಷ್ಠೆಯಾದಾಗ ಅರಸ ದೂರದ ಗಡಿಯಲ್ಲಿದ್ದನು. ಆದರೂ ತನ್ನ ಗೆಲುವಿನ ಹೆಸರನ್ನು ಇನ್ನೊಬ್ಬರು ನಿಲ್ಲಿಸಿದ ಬಿಂಬಕ್ಕೆ ಕೊಟ್ಟನು.

ಬಂಕಾಪುರದ ಕೋಟೆಯೊಳಗೆ ಇಂದು ಅರವತ್ತು ಕಂಬಗಳ ನಗರೇಶ್ವರ ದೇವಾಲಯವಿದೆ, ನವಿಲುಗಳ ಧಾಮವಿದೆ. ಹಾನಗಲ್ಲು, ಸವಣೂರುಗಳಿಂದ ಅಲ್ಲಿಗೆ ಹೋಗುವವರು ನವಿಲುಗಳನ್ನು ನೋಡಿ ಮರಳುತ್ತಾರೆ. ಶಿವಗಂಗೆಗೆ ಹೋಗುವವರು ಬಂಡೆಯನ್ನು ನೋಡಿ ನಿಟ್ಟುಸಿರಿಡುತ್ತಾರೆ. ಶಾಂತಲೆ ತೀರಿಕೊಂಡ ತಿಥಿಯನ್ನು ಉಳಿಸಿಕೊಟ್ಟ ಶಾಸನ ಮಾತ್ರ ಚಂದ್ರಗಿರಿಯ ಮೇಲಿದೆ. ಅದು ನಿಂತಿರುವುದು ಶಾಂತಲೆಗಾಗಿ ಅಲ್ಲ, ಮಗಳ ಹಿಂದೆಯೇ ಹೊರಟ ಮಾಚಿಕಬ್ಬೆಗಾಗಿ.